ಮೀಟರು ಬಾರದೆ ಸಹಾಯಧನವೂ ಬಾರದು

ಮಾನ್ಯರೇ,

2024ರ ಫೆಬ್ರುವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಡಿ ಚಾವಣಿಯ ಮೇಲೆ ಸೌರಫಲಕ ಅಳವಡಿಸಿಕೊಳ್ಳುವ ಕುಟುಂಬಕ್ಕೆ ಮೊದಲ 2 ಕಿಲೋವ್ಯಾಟ್‌ವರೆಗೆ ತಲಾ 30,000 ರೂಪಾಯಿ, ಮೂರನೆಯ ಕಿಲೋವ್ಯಾಟ್‌ಗೆ 18,000 ರೂಪಾಯಿ, ಹೀಗೆ ಗರಿಷ್ಠ 78,000 ರೂಪಾಯಿ ಸಹಾಯಧನವಿದೆ. ಆದರೆ ಈ ಹಣ ಮುಂಗಡವಾಗಿ ಬರುವುದಿಲ್ಲ. ನೆಟ್ ಮೀಟರ್ (ಮನೆಗೆ ಬಂದ ಮತ್ತು ಮನೆಯಿಂದ ಲೈನಿಗೆ ಹೋದ ವಿದ್ಯುತ್ ಎರಡನ್ನೂ ಅಳೆಯುವ ಮೀಟರ್) ಕೂಡಿಸಿ, ಪರಿಶೀಲನೆ ಮುಗಿದ ಮೇಲಷ್ಟೇ ಖಾತೆಗೆ ಜಮೆಯಾಗುತ್ತದೆ.

ಬೆಟಗೇರಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಆರು ಫಲಕಗಳು ಎರಡು ತಿಂಗಳಿಂದ ಸುಮ್ಮನೆ ಬಿಸಿಲು ಕಾಯುತ್ತಿವೆ. ಕೆಳಗೆ ಗೋಡೆಗೆ ಹೊಡೆದ ಮೀಟರ್ ಪೆಟ್ಟಿಗೆ ಖಾಲಿಯಿದ್ದು, ವೈರಿನ ತುದಿಗಳಿಗೆ ಕರಿ ಟೇಪು ಸುತ್ತಿಟ್ಟಿದ್ದಾರೆ. ವಿಚಾರಿಸಿದಾಗಲೆಲ್ಲ ‘ಮೀಟರ್ ಸ್ಟಾಕ್ ಇಲ್ಲ’ ಎಂಬ ಉತ್ತರ. ಬ್ಯಾಂಕ್ ಸಾಲದ ಕಂತು ಮಾತ್ರ ಒಂದು ದಿನವೂ ತಪ್ಪಿಲ್ಲ.

ಇದಕ್ಕೂ ಮೊದಲಿನ ತೊಡಕು ಹೆಸರಿನದು. ಅರ್ಜಿದಾರರ ಹೆಸರು ಕರೆಂಟ್ ಬಿಲ್ಲಿನಲ್ಲಿರುವ ಹೆಸರಿಗೆ ಹೊಂದಬೇಕು; ಗದಗ-ಬೆಟಗೇರಿಯ ಹಳೆಯ ಮನೆಗಳಲ್ಲೋ ಆರ್‌ಆರ್ ನಂಬರು (ವಿದ್ಯುತ್ ಸಂಪರ್ಕದ ನೋಂದಣಿ ಸಂಖ್ಯೆ) ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದಿರುವುದು ಸಾಮಾನ್ಯ. ವಾರಸಾ ಆಗದ, ಅಣ್ಣತಮ್ಮಂದಿರು ಪಾಲು ಹಂಚಿಕೊಳ್ಳದ ಮನೆಯವರು ಎಷ್ಟೇ ಆಸೆಪಟ್ಟರೂ ಅರ್ಜಿಯ ಹೊಸ್ತಿಲನ್ನೇ ದಾಟಲಾರರು. ಗೃಹಜ್ಯೋತಿಯಿಂದ ಬಿಲ್ಲು ಸೊನ್ನೆಯಾದವರಿಗೆ ಈ ಉಸಾಬರಿ ಬೇಡವೆನಿಸಿದರೆ ಆಶ್ಚರ್ಯವಿಲ್ಲ.

ಆದ್ದರಿಂದ ಸಂಬಂಧಪಟ್ಟವರು ವಾರ್ಡ್‌ವಾರು ಶಿಬಿರ ನಡೆಸಿ ಹೆಸರು ಬದಲಾವಣೆಯನ್ನು ಸ್ಥಳದಲ್ಲೇ ಮಾಡಿಕೊಡಬೇಕು ಮತ್ತು ನೆಟ್ ಮೀಟರ್ ಅಳವಡಿಸುವ ದಿನಾಂಕವನ್ನು ಅರ್ಜಿದಾರರಿಗೆ ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಗ್ರಾಹಕ, ಬೆಟಗೇರಿ, ಗದಗ