ಮರೆತುಬಿಡುತ್ತಾಳೆ ಅಂದೆಯಲ್ಲ, ಮಗಳೇ

ಮಗಳೇ,

ನಿನ್ನ ಕಾಗದ ಬಂದು ನಾಲ್ಕು ದಿನ ಆಯಿತು. ಸಾಲದ ವಿಷಯ, ತೋಟಕ್ಕೆ ಆಳು ಕರೆದೊಯ್ಯುವ ಮೇಸ್ತ್ರಿ ಹತ್ತಿರ ಅಡ್ವಾನ್ಸ್ ತಗೊಂಡದ್ದು, ಡಿಸೆಂಬರಿನಲ್ಲಿ ಕಾಫಿ ಕೀಳಲು ಕೊಡಗಿಗೆ ಜೀಪ್ ಹೊರಡುವುದು, ಇದೆಲ್ಲ ನಮ್ಮ ಜೇನು ಕುರುಬರ ಹಾಡಿಯಲ್ಲಿ ಹೊಸದಲ್ಲ. ಅದರ ಬಗ್ಗೆ ನಾನೇನೂ ಹೇಳುವುದಿಲ್ಲ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ದೊಡ್ಡ ಮಗಳನ್ನು ಆಶ್ರಮ ಶಾಲೆಯ ಹಾಸ್ಟೆಲಿನಲ್ಲೇ ಬಿಟ್ಟು ಹೋದರೆ ನಮ್ಮನ್ನು ಮರೆತುಬಿಡುತ್ತಾಳೆ, ಅದಕ್ಕೇ ತೋಟಕ್ಕೆ ಕರೆದುಕೊಂಡು ಹೋಗುತ್ತೇವೆ, ಎರಡು ತಿಂಗಳು ತಾನೇ ಅಂತ. ಅದನ್ನು ಓದಿದಾಗಿನಿಂದ ನನಗೆ ನಿದ್ದೆ ಸರಿಯಿಲ್ಲ.

ನಿನ್ನ ಭಯ ಸುಳ್ಳು ಅಂತ ನಾನು ಹೇಳಲಾರೆ. ನನ್ನನ್ನು ಆಶ್ರಮ ಶಾಲೆಗೆ ಹಾಕಿದಾಗ ಕಬಿನಿ ಅಣೆಕಟ್ಟು ಕಟ್ಟಿ ಜಾಸ್ತಿ ವರ್ಷ ಆಗಿರಲಿಲ್ಲ. ಮೇಷ್ಟ್ರ ಕನ್ನಡ ತಲೆಗೆ ಹತ್ತುತ್ತಿರಲಿಲ್ಲ. ನಮ್ಮ ಜೇನು ನುಡಿಯಲ್ಲಿ ಏನಾದರೂ ಕೇಳಿದರೆ, ಇದೆಂಥ ಭಾಷೆ, ಬಾಯಿ ಮುಚ್ಚು ಅನ್ನುತ್ತಿದ್ದರು. ರಾತ್ರಿ ದೀಪ ಆರಿಸಿದ ಮೇಲೆ ನಾವು ಮೂರು ಜನ ಹುಡುಗರು ಒಂದೇ ಕಂಬಳಿಯೊಳಗೆ ತಲೆ ಹಾಕಿಕೊಂಡು ಪಿಸುಪಿಸು ಅಂತ ನಮ್ಮ ಮಾತು ಆಡಿಕೊಳ್ಳುತ್ತಿದ್ದೆವು. ಮೂರು ಸಲ ಓಡಿ ಬಂದೆ. ಮೂರನೇ ಸಲ ನಮ್ಮಪ್ಪ ವಾಪಸ್ ಕಳಿಸಲಿಲ್ಲ. ಹುಡುಗ ನಮ್ಮವನಾಗಿಯೇ ಇರಲಿ ಬಿಡು ಅಂದ. ನಿನ್ನ ಮಾತೇ ಅದು, ಅಲ್ವಾ?

ನಿನ್ನ ಅಕ್ಕನ, ಅಂದರೆ ನನ್ನ ಮಗಳ ವಿಷಯ ಮನೆಯಲ್ಲಿ ಯಾರೂ ಎತ್ತುವುದಿಲ್ಲ, ನನಗೆ ಬೇಜಾರಾಗುತ್ತದೆ ಅಂತ. ಇವತ್ತು ನಾನೇ ಎತ್ತುತ್ತೇನೆ. ಅವಳು ನಾಲ್ಕನೇ ಕ್ಲಾಸಿನಲ್ಲಿದ್ದಳು. ಕೂಸು ನೋಡಿಕೊಳ್ಳಲು ಒಬ್ಬರು ಬೇಕಿತ್ತು, ಎರಡು ತಿಂಗಳು ತಾನೇ ಅಂತ ನಾನೂ ಅಂದಿದ್ದೆ. ಸಿಲ್ವರ್ ಮರಕ್ಕೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿ ಅವಳ ಕೈಗೆ ಹಗ್ಗ ಕೊಟ್ಟೆವು. ಕೂಸು ನಿದ್ದೆ ಹೋದಾಗ ಸುಮ್ನೆ ಯಾಕೆ ಕೂರುತ್ತೀಯ ಅಂತ ನಾನೇ ಕರೆದೆ. ರೋಬಸ್ಟಾ ಕೀಳುವಾಗ ಬುಡಕ್ಕೆ ಟಾರ್ಪಲ್ ಹಾಸುತ್ತೇವಲ್ಲ, ಅದರ ಮೇಲಿನ ಎಲೆ ಕಡ್ಡಿ ಆರಿಸುವುದು, ಆಚೆ ಉದುರಿದ ಹಣ್ಣು ಹೆಕ್ಕುವುದು. ಅದನ್ನು ಕೆಲಸ ಅಂತ ಯಾರೂ ಅನ್ನಲಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಅವಳ ಹೆಸರಿರಲಿಲ್ಲ, ಅವಳು ಹೆಕ್ಕಿದ್ದು ಮಾತ್ರ ಸಂಜೆ ನಮ್ಮ ಚೀಲದ ತೂಕಕ್ಕೆ ಸೇರುತ್ತಿತ್ತು.

ಎರಡು ತಿಂಗಳು ಹೋಗಿ ಮೂರಾಯಿತು. ಮಾರ್ಚಿನಲ್ಲಿ ಬಂದಾಗ ಪರೀಕ್ಷೆ ಶುರುವಾಗುವುದರಲ್ಲಿತ್ತು. ಕಾಫಿ ಹಣ್ಣಿನ ಅಂಟಿಗೆ ಅವಳ ಬೆರಳೆಲ್ಲ ಕಪ್ಪಾಗಿತ್ತು. ಕೈ ಹಿಂದಕ್ಕೆ ಬಚ್ಚಿಟ್ಟುಕೊಂಡು ಕ್ಲಾಸಿನ ಬಾಗಿಲಲ್ಲಿ ನಿಂತಳು, ಒಳಗೆ ಹೋಗಲಿಲ್ಲ. ಜೂನ್‌ನಲ್ಲಿ ಚಿಕ್ಕ ಮಕ್ಕಳ ಜೊತೆ ಕೂರಿಸಿದರು. ಎಂಟು ದಿನ ಹೋದಳು, ಆಮೇಲೆ ಇಲ್ಲ.

ಇಷ್ಟು ಮಾಡಿ ಅವಳನ್ನು ನಮ್ಮವಳಾಗಿ ಉಳಿಸಿಕೊಂಡೆನಾ? ಅದನ್ನೇ ನಾಲ್ಕು ರಾತ್ರಿಯಿಂದ ಕೇಳಿಕೊಳ್ಳುತ್ತಿದ್ದೇನೆ. ತೋಟದ ಆಳುಗಳ ಲೈನ್ ಮನೆಯಲ್ಲಿ ಪಕ್ಕದವರು ತಮಿಳಿನವರು, ಆಚೆ ಅಸ್ಸಾಂನವರು, ಅವಳು ಅಲ್ಲಿ ಎಲ್ಲರ ಮಾತೂ ಅಷ್ಟಿಷ್ಟು ಕಲಿತಳು. ಆಮೇಲೆ ಶುಂಠಿ ಹೊಲ, ಮತ್ತೆ ಕಾಫಿ. ಕತ್ತಲಾದ ಮೇಲೆ ಬಂದು ಉಂಡು ಮಲಗುವವಳಿಗೆ ಯಾರು ಹಾಡು ಹೇಳಿಕೊಡಬೇಕು? ನಿನ್ನ ದೊಡ್ಡಮ್ಮ ಹೇಳುತ್ತಿದ್ದ ಒಂದು ಹಾಡೂ ಅವಳಿಗೆ ಪೂರ್ತಿ ಬರುವುದಿಲ್ಲ. ಪಾಸ್‌ಬುಕ್ಕನ್ನೂ ಮಗನಿಂದಲೇ ಓದಿಸಿಕೊಳ್ಳುತ್ತಾಳೆ. ಅವಳು ಮರೆತದ್ದು ಹಾಸ್ಟೆಲಿನಲ್ಲಿ ಅಲ್ಲ ಮಗಳೇ, ನನ್ನ ಜೊತೆಯಲ್ಲಿ ಇದ್ದುಕೊಂಡೇ ಮರೆತಳು.

ಈ ಕಾಗದವನ್ನು ನಾನು ಹೇಳುತ್ತಿದ್ದೇನೆ, ಫೋನಿನಲ್ಲಿ ಬರೆಯುತ್ತಿರುವವನು ಅವಳ ಮಗ. ಆರು ವರ್ಷ ಹಾಸ್ಟೆಲಿನಲ್ಲಿದ್ದ. ನಾನು ಜೇನು ನುಡಿಯಲ್ಲಿ ಹೇಳುತ್ತೇನೆ, ಅವನು ಕನ್ನಡದಲ್ಲಿ ಬರೆಯುತ್ತಾನೆ. ಎಲ್ಲ ಮಕ್ಕಳೂ ಹೀಗೇ ಇರುತ್ತಾರೆ ಅಂತ ನಾನು ಮಾತು ಕೊಡಲಾರೆ. ಮೊದಲ ವರ್ಷ ಇವನೂ ನಮ್ಮ ಹತ್ತಿರ ಮಾತಾಡಲು ನಾಚಿಕೊಂಡಿದ್ದ, ಅದು ನನಗೆ ತುಂಬಾ ನೋವು ಮಾಡಿತ್ತು. ಆದರೆ ರಜೆಗೆ ಬಂದಾಗಲೆಲ್ಲ ಅವನ ಜೊತೆ ಕೂತು ಮಾತಾಡಲು ನಾನು ಮನೆಯಲ್ಲಿದ್ದೆ. ನಿನ್ನ ಅಕ್ಕನಿಗೆ ಅಷ್ಟು ಹೊತ್ತನ್ನೂ ನಾನು ಕೊಟ್ಟಿರಲಿಲ್ಲ.

ಕಾನೂನು ಹೇಳಿದರೆ ನಿನಗೆ ಕೋಪ ಬರಬಹುದು, ಕ್ಷಮಿಸು. 14 ವರ್ಷದೊಳಗಿನ ಮಗುವನ್ನು ಇನ್ನೊಬ್ಬರ ತೋಟದ ಕೆಲಸಕ್ಕೆ ಹಚ್ಚುವಂತಿಲ್ಲ, 2016ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದ್ದಾರೆ. ಮೇಸ್ತ್ರಿ ಹುಡುಗಿಯನ್ನೂ ಕರೆದುಕೊಂಡು ಬಾ ಅಂತ ಹಟ ಮಾಡಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ. ನಿನಗೆ ಬಿಟ್ಟು ಹೋಗಲು ಆಗುವುದೇ ಇಲ್ಲ ಅಂದರೆ ತೋಟದ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸು. ಟಿಸಿ ಬಂದಿಲ್ಲ ಅಂತ ಅವರು ಬೇಡ ಅನ್ನುವ ಹಾಗಿಲ್ಲ, 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನಲ್ಲಿ ಅದಿದೆ ಅಂತ ಮೊಮ್ಮಗ ಹೇಳುತ್ತಾನೆ. ಆದರೆ ಅಲ್ಲೂ ಕೂಸನ್ನು ಅವಳ ಸೊಂಟಕ್ಕೆ ಏರಿಸಬೇಡ. 50 ಹೆಂಗಸರು ಕೆಲಸ ಮಾಡುವ ತೋಟದಲ್ಲಿ ಕೂಸುಗಳಿಗೆ ಒಂದು ಮನೆ, ನೋಡಿಕೊಳ್ಳಲು ಜನ ಇರಬೇಕು ಅಂತ 1951ರ ಕಾನೂನಿನಲ್ಲೇ ಬರೆದಿದ್ದರು. ನಾನು ದುಡಿದ ತೋಟಗಳಲ್ಲಿ ಅಂಥದ್ದನ್ನು ಕಾಣಲಿಲ್ಲ, ಕೇಳಬೇಕು ಅಂತ ನನಗೂ ಗೊತ್ತಿರಲಿಲ್ಲ.

ಇನ್ನೊಂದು. ಶಾಲೆಯವರಿಗೆ ಹೇಳಿ ಭಾನುವಾರ ಅವಳಿಗೆ ಫೋನ್ ಮಾಡು, ನಮ್ಮ ಮಾತಿನಲ್ಲೇ ಮಾತಾಡು. ಅವಳು ಕನ್ನಡದಲ್ಲಿ ಉತ್ತರ ಕೊಟ್ಟರೆ ಬೈಯಬೇಡ.

ಚಿಕ್ಕದನ್ನು ನನ್ನ ಹತ್ತಿರ ಬಿಟ್ಟು ಹೋಗು. ಮೊಣಕಾಲು ನೋವು, ಈ ವರ್ಷ ನಾನು ತೋಟಕ್ಕೆ ಹೋಗುವುದಿಲ್ಲ. ದೊಡ್ಡವಳು ರಜೆಗೆ ಬಂದಾಗಲೂ ಇಲ್ಲೇ ಇರಲಿ, ಜೇನು ಹುಳು ಯಾವ ಮರಕ್ಕೆ ಬಂದಿದೆ ಅಂತ ತೋರಿಸುತ್ತೇನೆ, ಅಷ್ಟು ದೂರ ನಡೆಯುತ್ತೇನೆ. ಜೀಪ್ ಬರುವ ದಿನ ಗೊತ್ತಾದ ಕೂಡಲೇ ಈ ನಂಬರಿಗೆ ಒಂದು ಕಾಲ್ ಮಾಡು, ಹಿಂದಿನ ದಿನವೇ ಬಂದು ಕೂಸನ್ನು ಕರೆದುಕೊಂಡು ಬರುತ್ತೇನೆ.

ನಿನ್ನ ದೊಡ್ಡಪ್ಪ