ತಂಬಿಗೆಯ ತಪ್ಪೇನು, ಸಾಹೇಬರೇ?

ಮಾನ್ಯರೇ,

ಇಂಗ್ಲಿಷ್ ಶಿಕ್ಷಕರ ತರಬೇತಿಯಲ್ಲಿ ಅಧಿಕಾರಿಯೊಬ್ಬರು ತೆಗೆದುಕೊಂಡ ತರಾಟೆಯ ವರದಿಯನ್ನು ಪತ್ರಿಕೆಯ ನಿನ್ನೆಯ ಬೀದರ್ ಪುಟದಲ್ಲಿ ಎಲ್ಲರೂ ಓದಿದ್ದಾರೆ. ಮೇಜಿನ ಮೇಲೆ ತಂಬಿಗೆ, ಬೀಗ, ಕೊಡೆ, ಬೆಲ್ಲದ ತುಂಡು, ಬಿದರಿ ಡಬ್ಬಿ ಕಂಡ ಕೂಡಲೇ 'ಇದೇನು ಸಂತೆಯೋ, ತರಬೇತಿಯೋ' ಎಂದರಂತೆ. ಎಲ್ಲವನ್ನೂ ವರಾಂಡಕ್ಕೆ ಹಾಕಿಸಿ, ಕರಿಹಲಗೆಯ ಮೇಲೆ ಐವತ್ತು ವಾಕ್ಯ ಬರೆಸಿ, ಆ್ಯಕ್ಟಿವಿನಿಂದ (ಕರ್ತರಿ) ಪ್ಯಾಸಿವಿಗೆ (ಕರ್ಮಣಿ) ತಿರುಗಿಸಲು ಹಚ್ಚಿದರಂತೆ. 'ಅಂತೆ' ಯಾಕೆ, ಹಾಗೆಯೇ ಆಯಿತು. ವರದಿಯಲ್ಲಿ ಬಾರದ ಸಂಗತಿಯೆಂದರೆ, 'ಕಲಿಕೋಪಕರಣ ಸಹಿತ ಹಾಜರಾಗತಕ್ಕದ್ದು' ಎಂಬ ಸುತ್ತೋಲೆ ಬಂದದ್ದೂ ಅದೇ ಕಚೇರಿಯಿಂದ.

ಔರಾದ್, ಬಸವಕಲ್ಯಾಣದ ಕಡೆಯವರು ಬೆಳಕು ಹರಿಯುವ ಮೊದಲೇ ಚೀಲ ಹೊತ್ತು ಬಸ್ಸು ಹತ್ತಿದ್ದರು. ಹಿತ್ತಾಳೆ ಕೊಡ ತಂದವರಿಗೆ ಲಗೇಜು ಚೀಟಿ ಹರಿದರು. ಆ ಹಣ ಪ್ರಯಾಣಭತ್ಯೆಯಲ್ಲಿ ಸೇರುವುದಿಲ್ಲ; ಭತ್ಯೆಯೇ ಯಾವ ಜನ್ಮಕ್ಕೆ ಬರುವುದೋ! ಸಭಾಂಗಣದಲ್ಲಿ ವೇದಿಕೆಯ ಮೇಲಿನ ಫ್ಯಾನು ಮಾತ್ರ ತಿರುಗುತ್ತಿತ್ತು. ನೀರಿನ ಕ್ಯಾನು ಹನ್ನೊಂದು ಗಂಟೆಗೇ ಬರಿದು. ಸಹಿ ಮಾತ್ರ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು. ವರಾಂಡಕ್ಕೆ ಹೋದ ಬೆಲ್ಲಕ್ಕೆ ಇರುವೆ ಮುತ್ತಿದವು. ಆ ದಿನದ ತರಬೇತಿಯಿಂದ ಲಾಭ ಪಡೆದದ್ದು ಅವಷ್ಟೇ.

ಆ ಬೆಲ್ಲ ಯಾಕೆ ಬೇಕಿತ್ತು ಎಂದು ಈಗಲಾದರೂ ಕೇಳಿಸಿಕೊಳ್ಳಲಿ: ಅದೇ ಪ್ಯಾಸಿವ್ ಕಲಿಸುವುದಕ್ಕೆ. ತಂಬಿಗೆ ಹಿಡಿದರೆ 'ಇಟ್ ಈಸ್ ಮೇಡ್ ಆಫ್ ಸ್ಟೀಲ್'. ಸ್ಟೀಲು ಕಣ್ಣೆದುರಿಗೇ ಇದೆ. ಬೆಲ್ಲ ಹಿಡಿದರೆ 'ಇಟ್ ಈಸ್ ಮೇಡ್ ಫ್ರಮ್ ಶುಗರ್‌ಕೇನ್'. ಕಬ್ಬು ಈಗ ಕಾಣುವುದಿಲ್ಲ, ರೂಪ ಬದಲಾಗಿದೆ. ಈ ಆಫ್-ಫ್ರಮ್ ನಿಯಮವನ್ನು ಬಾಯಿಪಾಠ ಮಾಡಿಸಿದರೆ ಪರೀಕ್ಷೆಯ ತನಕವೂ ನಿಲ್ಲದು. ಎರಡು ವಸ್ತು ಎರಡು ಕೈಯಲ್ಲಿದ್ದರೆ ಭಾಲ್ಕಿ ಕಡೆಯ ಕಬ್ಬು ಬೆಳೆಯುವವರ ಮಕ್ಕಳಿಗೆ ಎರಡನೇ ಸಲ ಹೇಳಬೇಕಾಗಿಲ್ಲ.

ಪಾಠ ನಡೆಸುವುದು ಹೀಗೆ. ಐದೈದು ಮಕ್ಕಳ ಗುಂಪಿಗೆ ಒಂದು ಬಟ್ಟೆ ಚೀಲ, ಒಳಗೆ ಒಂದೇ ವಸ್ತು. ಮೊದಲ ಹತ್ತು ನಿಮಿಷ ಪುಸ್ತಕ ಮುಚ್ಚಿರಬೇಕು, ಬರೀ ಬಾಯಿಮಾತು. ನಾಲ್ಕು ಚೌಕಟ್ಟು ಸಾಕು: ಇಟ್ ಈಸ್ ಮೇಡ್ ಆಫ್, ಇಟ್ ಈಸ್ ಸೋಲ್ಡ್ ಇನ್, ಇಟ್ ಈಸ್ ಕೆಪ್ಟ್ ಇನ್, ಇಟ್ ಈಸ್ ಯೂಸ್ಡ್ ಫಾರ್. ಒಂದು ಗುಂಪು ವಸ್ತುವಿನ ಹೆಸರು ಬಿಟ್ಟು ನಾಲ್ಕು ವಾಕ್ಯ ಹೇಳುತ್ತದೆ, ಉಳಿದವರು ಊಹಿಸಬೇಕು. 'ಯೂಸ್ಡ್ ಫಾರ್' ಕೊನೆಗೇ ಬರಬೇಕು. ಮೊದಲೇ ಹೇಳಿದರೆ ಗುಟ್ಟು ರಟ್ಟಾಗಿ ಉಳಿದ ಮೂರು ವಾಕ್ಯ ಯಾರಿಗೂ ಬೇಡವಾಗುತ್ತವೆ. ಒಂದು ಅವಧಿಗೆ ಎಂಟು ವಸ್ತುವಿಗಿಂತ ಹೆಚ್ಚು ಬೇಡ. ಹೊಸ ಪಾರ್ಟಿಸಿಪಲ್ (ಕ್ರಿಯಾಪದದ ಮೂರನೇ ರೂಪ) ಹತ್ತೇ ಇರಲಿ: ಮೇಡ್, ಯೂಸ್ಡ್, ಕೆಪ್ಟ್, ಸೋಲ್ಡ್, ಗ್ರೋನ್, ಫೌಂಡ್, ಕಟ್, ಫಿಲ್ಡ್, ಕವರ್ಡ್, ವಾಶ್ಡ್. ಮೊಬೈಲು, ಗಡಿಯಾರ ತರಬಾರದು. ಒಳಗಿನ ಬಿಡಿಭಾಗಗಳ ಹೆಸರು ಹುಡುಕುವುದರಲ್ಲೇ ಅವಧಿ ಮುಗಿಯುತ್ತದೆ. ಬರವಣಿಗೆ ಕೊನೆಯ ಹದಿನೈದು ನಿಮಿಷಕ್ಕೆ.

ಎಲ್ಲಿ ತಪ್ಪುತ್ತದೆ ಎಂಬುದೂ ಗೊತ್ತಿದ್ದದ್ದೇ. ಮೊದಲು ಬಿದ್ದುಹೋಗುವುದು 'ಈಸ್'. 'ಇದು ಸ್ಟೀಲಿಂದು' ಎನ್ನುವ ನಮ್ಮ ಮಾತಿಗೆ ಕ್ರಿಯಾಪದವೇ ಬೇಡವಾದ್ದರಿಂದ ಮಕ್ಕಳು 'ಇಟ್ ಮೇಡ್ ಆಫ್ ಸ್ಟೀಲ್' ಎಂದೇ ಶುರುಮಾಡುತ್ತಾರೆ. ಬೈದು ಪ್ರಯೋಜನವಿಲ್ಲ, 'ಈಸ್' ಬರುವಲ್ಲಿ ಬೆಂಚು ಕುಟ್ಟಿಸಿದರೆ ಕೆಲವು ದಿನದಲ್ಲಿ ಕೂರುತ್ತದೆ. ಎರಡನೆಯದು 'ಈಸ್ ಯೂಸ್ ಫಾರ್'. ಆಡುವಾಗ ಕೊನೆಯ ಡಿ ಕೇಳಿಸುವುದೇ ಇಲ್ಲ, ಕೇಳದ್ದನ್ನು ಮಗು ಎಲ್ಲಿಂದ ಬರೆಯಬೇಕು? ಈ ಒಂದನ್ನು ಮೊದಲ ದಿನವೇ ಹಲಗೆಯ ಮೇಲೆ ತೋರಿಸಬೇಕು. ಮೂರನೆಯದು 'ಯೂಸ್ಡ್ ಫಾರ್ ಕಟ್'. ಫಾರ್ ಬಂದರೆ ಕಟಿಂಗ್, ಟು ಬಂದರೆ ಕಟ್. ಎರಡನ್ನೂ ಒಂದೇ ದಿನ ಕೊಟ್ಟರೆ 'ಯೂಸ್ಡ್ ಟು ಕಟಿಂಗ್' ಎಂಬ ಸಂಕರ ತಳಿ ಹುಟ್ಟುತ್ತದೆ.

ಇವೆಲ್ಲ ಸಣ್ಣವು. ದೊಡ್ಡ ರೋಗ 'ಇಂಥವರಿಂದ' ಎನ್ನುವ ಇಂಗ್ಲಿಷಿನ 'ಬೈ'. 'ರಾಮ ಈಟ್ಸ್ ಎ ಮ್ಯಾಂಗೋ' ಎಂಬುದನ್ನು 'ಎ ಮ್ಯಾಂಗೋ ಈಸ್ ಈಟನ್ ಬೈ ರಾಮ' ಎಂದು ತಿರುಗಿಸಿ ತಿರುಗಿಸಿ ಬೆಳೆದ ಮಗುವಿನ ಕೈಗೆ ಬೀಗ ಕೊಟ್ಟರೆ 'ಇಟ್ ಈಸ್ ಯೂಸ್ಡ್ ಬೈ ಪೀಪಲ್ ಫಾರ್ ಲಾಕಿಂಗ್' ಎನ್ನುತ್ತದೆ. ಪೀಪಲ್ ಅಲ್ಲದೆ ಬೀಗವನ್ನು ಕೋತಿ ಹಾಕುತ್ತದೆಯೇ? ಮಾಡಿದವರು ಯಾರೆಂದು ಗೊತ್ತಿಲ್ಲದಾಗ, ಗೊತ್ತಾಗಬೇಕಿಲ್ಲದಾಗ, ಗೊತ್ತಿದ್ದೂ ಹೇಳಲು ಮನಸ್ಸಿಲ್ಲದಾಗ ಪ್ಯಾಸಿವ್ ಕೆಲಸಕ್ಕೆ ಬರುತ್ತದೆ. ತಿಂದವನು ರಾಮನೇ ಎಂದು ಖಾತ್ರಿಯಿದ್ದರೆ ರಾಮ ತಿಂದ ಎಂದರಾಯಿತು, ಅವನನ್ನು ವಾಕ್ಯದ ಬಾಲಕ್ಕೆ ಕಟ್ಟುವುದು ಯಾಕೆ? ಐವತ್ತು ವಾಕ್ಯ ತಿರುಗಿಸಿದಷ್ಟೂ ಈ ರೋಗ ಬಲಿಯುತ್ತದೆ.

ಕಚೇರಿಯವರಿಗೆ ಇದು ಹೊಸ ವಿಷಯವಾಗಬಾರದಿತ್ತು. 'ಸೂಚಿಸಲಾಗಿದೆ', 'ಪರಿಶೀಲಿಸಲಾಗುತ್ತಿದೆ', 'ಕ್ರಮ ಕೈಗೊಳ್ಳಲಾಗುವುದು' ಎಂದು ವರ್ಷಪೂರ್ತಿ ಬರೆಯುವವರು ಯಾರಿಂದ ಎಂದು ಒಮ್ಮೆಯಾದರೂ ಬರೆದದ್ದುಂಟೇ? ಬೈ ಇಲ್ಲದ ಪ್ಯಾಸಿವಿನಲ್ಲಿ ಅವರನ್ನು ಮೀರಿಸುವವರು ಈ ಜಿಲ್ಲೆಯಲ್ಲಿಲ್ಲ.

ಇನ್ನು ಆ ಬಿದರಿ ಡಬ್ಬಿ. ಅದೊಂದರಲ್ಲೇ ವಾರದ ಪಾಠವಿದೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಅಚ್ಚಿಗೆ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಮಾಡುತ್ತಾರೆ. ಗೆರೆ ಎದ್ದು ಕಾಣಲೆಂದು ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಚಿತ್ತಾರ ಗೀರಿ, ಉಳಿಯಿಂದ ಕೊರೆಯುತ್ತಾರೆ. ಕೊರೆದಲ್ಲಿ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಮತ್ತೆ ಉಜ್ಜಿ, ಹದವಾಗಿ ಬಿಸಿಮಾಡಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ್ದನ್ನು ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇದನ್ನು ಹೇಳುವಾಗ ನಮ್ಮ ಮಕ್ಕಳು ಹೊಯ್ತಾರ, ಕೊರೀತಾರ, ಬಡೀತಾರ ಎನ್ನುತ್ತಾರೆ. ಆ 'ತಾರ' ಯಾರೆಂದು ಯಾರೂ ಕೇಳುವುದಿಲ್ಲ. ಅದೇ ಜಾಗಕ್ಕೆ ಇಂಗ್ಲಿಷಿನ ಈಸ್ ಪೋರ್ಡ್, ಈಸ್ ಎನ್‌ಗ್ರೇವ್ಡ್, ಈಸ್ ಹ್ಯಾಮರ್ಡ್ ಬಂದು ಕೂರುತ್ತವೆ. 'ತಿನ್ನಲ್ಪಟ್ಟಿತು' ಎಂಬ, ಯಾವ ಮನೆಯಲ್ಲೂ ಕೇಳದ ಕನ್ನಡದ ಮೂಲಕ ಹೋಗಬೇಕಾಗಿಯೇ ಇಲ್ಲ. ಫಸ್ಟ್, ದೆನ್, ಆಫ್ಟರ್ ದ್ಯಾಟ್ ಸೇರಿಸಿದರೆ ಪ್ಯಾರಾಗ್ರಾಫೂ ಸಿದ್ಧ.

ಇಲ್ಲೊಂದು ಎಚ್ಚರ ಬೇಕು. ಕೊನೆಯ ಹಂತಕ್ಕೆ ಮಕ್ಕಳು 'ದಿ ಅಲಾಯ್ ಈಸ್ ಟರ್ನ್ಡ್ ಬ್ಲ್ಯಾಕ್' ಎಂದು ಬರೆಯುತ್ತಾರೆ. ಅಲ್ಲಿ ಲೋಹ ತಾನೇ ಕಪ್ಪಾಗುವುದು, ಆದ್ದರಿಂದ 'ಟರ್ನ್ಸ್ ಬ್ಲ್ಯಾಕ್' ಎಂಬ ಆ್ಯಕ್ಟಿವೇ ಇರಲಿ. ಇದನ್ನು ಈ ಡಬ್ಬಿಯಲ್ಲಿ ಗುರುತಿಸಿದ ಮಗು ಮುಂದೆ 'ಆ್ಯನ್ ಆ್ಯಕ್ಸಿಡೆಂಟ್ ವಾಸ್ ಹ್ಯಾಪನ್ಡ್' ಎಂದು ಬರೆಯುವ ಮೊದಲು ಒಂದು ಕ್ಷಣ ನಿಲ್ಲುತ್ತದೆ. ಪದವಿ ಮುಗಿಸಿದವರೂ ನಿಲ್ಲದ ಜಾಗ ಅದು.

ಸಾಹೇಬರು ಹೊರಗೆ ಹಾಕಿಸಿದ್ದು ಇದನ್ನು. 2006ರಲ್ಲಿ ಭೌಗೋಳಿಕ ಸೂಚಕ ಪಡೆದ ಕಸುಬು ಇದು. ಬೆಂಗಳೂರಿನಿಂದ ಬಂದ ಅತಿಥಿಗೆ ಶಾಲಿನ ಜೊತೆ ಕೊಡುವಾಗ ಜಿಲ್ಲೆಯ ಹೆಮ್ಮೆ, ಮಗುವಿನ ಕೈಗೆ ಕೊಟ್ಟರೆ ಸಂತೆ!

ಮನೆಯಿಂದ ತಂಬಿಗೆ ತರುವ ಪರಿಸ್ಥಿತಿ ಯಾಕೆ ಬಂತು ಎಂಬುದು ಬೇರೆಯೇ ಕಥೆ. ಹಿಂದೆ ಬಂದ ಚಿತ್ರಪಟ, ಫ್ಲ್ಯಾಶ್ ಕಾರ್ಡು, ಸ್ಪೀಕರುಗಳು ಕಪಾಟಿನಲ್ಲಿವೆ. ಕೀಲಿಕೈ ವರ್ಗವಾಗಿ ಹೋದವರ ಹಿಂದೆ ಹೋಗಿದೆ. ಇಂಗ್ಲಿಷ್ ಹುದ್ದೆ ಖಾಲಿ ಇರುವಲ್ಲಿ ಸಮಾಜ ವಿಜ್ಞಾನದವರು ಪ್ಯಾಸಿವ್ ಕಲಿಸುತ್ತಿದ್ದಾರೆ. ಮನೆಯಲ್ಲಿ ಮರಾಠಿ, ಉರ್ದು ಆಡುವ ಮಕ್ಕಳಿಗೆ ಕನ್ನಡದಲ್ಲಿ ಇಂಗ್ಲಿಷ್ ವಿವರಿಸುವ ಕಷ್ಟ ಬೇರೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371-ಜೆ ವಿಧಿ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವೂ ಆಯಿತು, ಕಪಾಟು ಮಾತ್ರ ತೆರೆಯಲಿಲ್ಲ. ಫಲಿತಾಂಶ ಬಂದ ದಿನ ಮಾತ್ರ ನಮ್ಮ ಹೆಸರು ನೆನಪಾಗುತ್ತದೆ, ಅದೂ ನೋಟಿಸಿನ ತಲೆಬರಹದಲ್ಲಿ.

ಆದ್ದರಿಂದ ಸಂಬಂಧಪಟ್ಟವರು, ಅದು ಯಾರೆಂದು ತಮ್ಮತಮ್ಮಲ್ಲೇ ತೀರ್ಮಾನಿಸಿಕೊಂಡು, ಕೂಡಲೇ ಕಪಾಟು ತೆರೆಸಬೇಕು, ಲಗೇಜಿನ ಹಣವನ್ನೂ ಕೊಡಬೇಕು. ಆಗದಿದ್ದರೆ ಇಂಥ ತರಬೇತಿಯನ್ನೇ ನಿಲ್ಲಿಸಬೇಕು; ನಿಲ್ಲಿಸುವುದೂ ಆಗದಿದ್ದರೆ ಫ್ಯಾನು ರಿಪೇರಿ ಮಾಡಿಸಿ ಕರೆಯಬೇಕು. ಪಾಠ ನಡೆಯುವಾಗ ಒಳಗೆ ಬರುವ ಅಧಿಕಾರಿಗಳು ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆ ಬಾಯಿ ಮುಚ್ಚಿ ಕೂರಬೇಕೆಂದು ಒಂದು ಸುತ್ತೋಲೆ ಹೊರಡಿಸಲಿ. ಹೊರಡಿಸುವುದು ಅವರಿಗೆ ಚೆನ್ನಾಗಿ ಗೊತ್ತಿದೆ, ಓದುವುದು ಯಾವಾಗ ಕಲಿಯುತ್ತಾರೋ!

ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕ, ಬೀದರ್