ಬಾಲದ ಹತ್ರ ಪಟ್ಟೆ ಇಲ್ಲ

ಕ್ಯಾತ್ಸಂದ್ರ, ಗುರುವಾರ ರಾತ್ರಿ

ಪುಟ್ಟಿ,

ಭಾನುವಾರ ಸಂಜೆಯಿಂದ ನೀನು ಫೋನ್ ಎತ್ತುತ್ತಿಲ್ಲ. ನಾನು ಆಡಿದ ಮಾತು ಅಂಥದ್ದೇ. ಸಂಬಳದ ಕೆಲಸ ಬಿಟ್ಟು ಬಿಳಿಗಿರಿರಂಗನ ಬೆಟ್ಟದ ಕಾಡಿನ ಕ್ಯಾಂಪಿಗೆ ಹೋಗ್ತೀನಿ ಅಂದಾಗ ಬಾಯಿಗೆ ಬಂದದ್ದೆಲ್ಲ ಅಂದೆ. ಅದನ್ನು ಮತ್ತೆ ಇಲ್ಲಿ ಬರೆಯೋದು ಬೇಡ. ಸೋಮವಾರ ನೀನು ಹೊರಡೋದರೊಳಗೆ ಸೇರಲಿ ಅಂತ ನಾಳೆ ಬೆಳಗ್ಗೆಯೇ ಇದನ್ನು ಕೊರಿಯರ್‌ಗೆ ಹಾಕ್ತೀನಿ.

ಒಂದು ವಿಷಯ ನಿನ್ನಿಂದ ಮುಚ್ಚಿಟ್ಟಿದ್ದೆ. ಎಂಟು ತಿಂಗಳಿಂದ ಭಾನುವಾರ ಬೆಳಗ್ಗೆ ನಾನು ಹೋಗ್ತಿರೋದು ಭಜನೆಗಲ್ಲ, ದೇವರಾಯನದುರ್ಗಕ್ಕೆ, ಹಕ್ಕಿ ನೋಡೋಕೆ. ಜೊತೆಗೆ ಬರೋರೆಲ್ಲ ನಿನ್ನ ವಯಸ್ಸಿನವರು. 31 ವರ್ಷ ಪರಿಸರ ಪಾಠ ಮಾಡಿದವಳು ಕಂದಗಿರೋದೆಲ್ಲ ಗುಬ್ಬಚ್ಚಿ, ಕಪ್ಪಗಿರೋದೆಲ್ಲ ಕಾಗೆ ಅಂದುಕೊಂಡೇ ರಿಟೈರಾದೆ ನೋಡು. ನಮ್ಮ ಕರೆಂಟ್ ತಂತಿ ಮೇಲೆ ದಿನಾ ಕೂರೋ ಕವಲುಬಾಲದ್ದು ಕಾಜಾಣ ಅಂತ ಗೊತ್ತಾಗೋಕೆ 61 ತುಂಬಬೇಕಾಯ್ತು. ಮಧುಗಿರಿಯಲ್ಲಿ ಎಂಟು ವರ್ಷ ಇದ್ದೆನಲ್ಲ, ಅದೇ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆ ಹುಲ್ಲುಗಾವಲಿನಲ್ಲಿ ಕೃಷ್ಣಮೃಗ ಮೇಯುತ್ತವೆ. ನಾನು ಮಕ್ಕಳನ್ನು ಬಸ್ ಮಾಡಿ ಮೈಸೂರಿನ ಜೂಗೆ ಕರೆದುಕೊಂಡು ಹೋಗ್ತಿದ್ದೆ!

ಮೊದಲ ದಿನ ದುರ್ಬೀನಿನಲ್ಲಿ ಕಂಡದ್ದು ನನ್ನ ರೆಪ್ಪೆಗೂದಲು. ಕನ್ನಡಕದವರು ಅದರ ರಬ್ಬರ್ ಮಡಚಿಕೊಳ್ಳಬೇಕಂತೆ. ಹಳದಿ ಕೊರಳಿನ ಪಿಕಳಾರ ಇನ್ನೂ ಸಿಕ್ಕಿಲ್ಲ. ದಕ್ಷಿಣದ ಬಂಡೆಗುಡ್ಡಗಳ ಕುರುಚಲು ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿ ಅದು, ನಮ್ಮ ದುರ್ಗದಲ್ಲಿದೆ. ನನಗೆ ಮಾತ್ರ ಕಾಣಿಸ್ತಿಲ್ಲ.

ಹೇಳಬೇಕಾಗಿದ್ದು ಇದಲ್ಲ.

ಹೋದ ತಿಂಗಳು ನಾಮದ ಚಿಲುಮೆ ಹತ್ತಿರ ಹಳೇ ಗೋಡೆ ಸಂದಿಯಲ್ಲಿ ಒಂದು ಹಾವಿತ್ತು. "ಕಟ್ಟುಹಾವು" ಅಂತ ಕೂಗಿ ನಾನು ಹಿಂದೆ ಸರಿದೆ. ಜೊತೆಗಿದ್ದ ಹುಡುಗ, "ಅಲ್ಲ ಮೇಡಂ, ತೋಳ ಹಾವು, ವಿಷ ಇಲ್ಲ, ಹಲ್ಲಿ ಹಿಡಿಯೋಕೆ ಮನೆಯೊಳಗೆ ಬರುತ್ತೆ" ಅಂದ. ಇದರ ಪಟ್ಟೆ ಕತ್ತಿನಿಂದಲೇ ಶುರುವಾಗಿ ಬಾಲಕ್ಕೆ ಹೋಗ್ತಾ ಮಾಸಿಹೋಗುತ್ತಂತೆ. ಕಟ್ಟುಹಾವಿನದು ತಿರುಗುಮುರುಗು. ಕತ್ತಿನ ಕಡೆ ಬೋಳು, ಬಾಲದ ಕಡೆ ಜೋಡಿ ಜೋಡಿ ಬಿಳಿ ಗೆರೆ, ಬೆನ್ನ ನಡುವೆ ಆರು ಮೂಲೆಯ ದೊಡ್ಡ ಹುರುಪೆ. ಅವನು ಹೇಳ್ತಾನೇ ಇದ್ದ. ನನ್ನ ಕಣ್ಣಿಗೆ ನಮ್ಮ ಬಚ್ಚಲುಮನೆ ಬಂತು.

2007ರ ಮಳೆಗಾಲ. ನೀನು ಐದನೇ ಕ್ಲಾಸು. ಸೌದೆ ಸಂದಿಯಿಂದ ಅಂಥದ್ದೇ ಒಂದು ಹಾವು ಹೊರಗೆ ಬಂದಾಗ ನನ್ನ ಸೆರಗು ಜಗ್ಗಿ "ಹೊಡೀಬೇಡಮ್ಮ, ಬಾಲದ ಹತ್ರ ಪಟ್ಟೆ ಇಲ್ಲ" ಅಂದೆ. ಪಟ್ಟೆ ಇಲ್ಲದಿದ್ದರೆ ಏನಾಯ್ತು ಅಂತ ನಿನಗೂ ಗೊತ್ತಿರಲಿಕ್ಕಿಲ್ಲ, ಕಂಡದ್ದನ್ನು ಹೇಳಿದೆ. ನಾನು ಒಂದು ಸೌದೆ ಎತ್ತಿಕೊಂಡೆ. ಅದು ಸತ್ತ ಮೇಲೂ ಹೊಡೆದೆ. ಆಮೇಲೆ ನಿನಗೊಂದು ಬಿಟ್ಟೆ. ಹಾವಿಗೆ ಹೊಡೆದದ್ದು ಹೆದರಿಕೆಗೆ. ನಿನಗೆ ಹೊಡೆದದ್ದು, ಅಕ್ಕಪಕ್ಕದವರು ಕಾಂಪೌಂಡ್ ಮೇಲಿಂದ ನೋಡ್ತಿದ್ದರು, ಟೀಚರ್ ಮಗಳು ಎದುರುತ್ತರ ಕೊಡ್ತಾಳೆ ಅಂದಾರು ಅಂತ. ಅಷ್ಟೇ ಕಾರಣ. ಈ ತಿಂಗಳೆಲ್ಲ ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ.

ಮೊನ್ನೆ ಅಟ್ಟ ಹತ್ತಿ ನಿನ್ನ ಹಳೇ ಗಣಿತದ ನೋಟ್‌ಬುಕ್ ಹುಡುಕಿ ತೆಗೆದೆ. ಕೊನೇ ಹಾಳೆಯಲ್ಲಿ ಆ ಹಾವಿದೆ. ಹದಿನಾಲ್ಕು ಪಟ್ಟೆ. ಬಾಲದ ಕಡೆ ಪೆನ್ಸಿಲ್ ಒತ್ತದೆ ತೆಳ್ಳಗೆ ಮಾಡಿ ಆಮೇಲೆ ಬಿಟ್ಟೇಬಿಟ್ಟಿದ್ದೀಯ. ಕೆಳಗೆ ಕೆಂಪು ಇಂಕಿನಲ್ಲಿ ನನ್ನ ಅಕ್ಷರ: "ಗಣಿತದ ಪುಸ್ತಕದಲ್ಲಿ ಚಿತ್ರ ಬರೆಯಬಾರದು." ಸಹಿ ಬೇರೆ ಹಾಕಿದ್ದೀನಿ.

ತಪ್ಪಾಯ್ತು ಕಣೆ. ಆ ಹುಡುಗನಿಗೆ, ನನ್ನ ಮಗಳು ಹತ್ತು ವರ್ಷಕ್ಕೇ ಇದನ್ನು ಗಮನಿಸಿದ್ದಳು ಅಂತ ಹೇಳಿದೆ. ಎರಡು ಸಲ ಹೇಳಿದೆ. ಸೌದೆ ವಿಷಯ ಹೇಳಲಿಲ್ಲ.

ಆದರೆ ತಿಳಿದುಕೊಂಡ ಮೇಲೆ ನನ್ನ ಭಯ ಇಳೀಲಿಲ್ಲ, ಹೆಚ್ಚಾಯ್ತು. ನಿಜವಾದ ಕಟ್ಟುಹಾವು ನೆಲದಲ್ಲಿ ಮಲಗಿದವರನ್ನು ರಾತ್ರಿ ನಿದ್ದೆಯಲ್ಲೇ ಕಚ್ಚುತ್ತೆ. ನೋವೇ ಗೊತ್ತಾಗದೆ ಇರಬಹುದು. ಆಮೇಲೆ ಹೊಟ್ಟೆನೋವು, ರೆಪ್ಪೆ ಜೋತುಬೀಳೋದು, ಉಸಿರು ಕಟ್ಟೋದು. ಆದ್ದರಿಂದ ನೆಲದ ಮೇಲೆ ಮಲಗಬೇಡ. ಸೊಳ್ಳೆಪರದೆಯನ್ನು ಹಾಸಿಗೆ ಅಡಿಗೆ ಸಿಕ್ಕಿಸು. ಶೂ ಕೊಡವಿ ಹಾಕಿಕೋ. ಕತ್ತಲಲ್ಲಿ ಟಾರ್ಚ್ ಇಲ್ಲದೆ ಒಂದು ಹೆಜ್ಜೆಯೂ ಬೇಡ. ಅಕಸ್ಮಾತ್ ಏನಾದರೂ ಆದರೆ ಬಿಗಿಯಾಗಿ ಕಟ್ಟೋದು, ಕೊಯ್ಯೋದು, ಮಂತ್ರ ಹಾಕಿಸೋದು ಯಾವುದೂ ಬೇಡ, ಕೈಕಾಲು ಅಲ್ಲಾಡಿಸದೆ ಸೀದಾ ಆಸ್ಪತ್ರೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ ಇಂಜೆಕ್ಷನ್ ಕೊಡ್ತಾರೆ. ಕ್ಯಾಂಪಿಗೆ ಹತ್ತಿರ ಅದು ಎಲ್ಲಿ ಸಿಗುತ್ತೆ ಅಂತ ಹೋದ ದಿನವೇ ವಿಚಾರಿಸಿಕೋ. ಆ ಮೇಲೆ ಪಿಎಫ್ ದುಡ್ಡು ಮುಟ್ಟಬೇಡ, ಎಲ್‌ಐಸಿ ಕಂತು ತಪ್ಪಿಸಬೇಡ. ಇದಕ್ಕೂ ಹಾವಿಗೂ ಸಂಬಂಧ ಇಲ್ಲ, ಗೊತ್ತು. ಮೇಡಂ ಶುರುಮಾಡಿದರು ಅಂತ ನಗು, ಪರವಾಗಿಲ್ಲ.

ಈ ಕೆಲಸ ನನಗಿನ್ನೂ ಒಪ್ಪಿಗೆಯಿಲ್ಲ. ಸುಳ್ಳು ಹೇಳೋದಿಲ್ಲ.

ಆ ಹಾಳೆ ಕಳಿಸೋಣ ಅಂತ ಹರಿಯೋಕೆ ಹೋದೆ, ಮನಸ್ಸು ಬರಲಿಲ್ಲ, ಇಲ್ಲೇ ಇಟ್ಟುಕೊಂಡಿದ್ದೀನಿ. ಕ್ಯಾಂಪಿನಲ್ಲಿ ಮಂಚ ಇದೆಯಾ? ಮಾತಾಡೋದು ಬೇಡ ಅಂದರೆ ಹೌದು, ಇಲ್ಲ ಅಂತ ಒಂದು ಮೆಸೇಜ್ ಹಾಕು. ಇಲ್ಲ ಅಂದರೆ ನಮ್ಮ ಮಡಚೋ ಮಂಚ ಬಸ್ಸಿನ ಟಾಪಿಗೆ ಹಾಕಿಸಿಕೊಂಡು ನಾನೇ ತರ್ತೀನಿ.

ಅಮ್ಮ